ಹದಿನೇಳು ವರ್ಷದ ಸಂಬಳದ ಬದುಕು ಸಾಕಾಗಿದೆ: ತಿಪಟೂರಿನ ತೋಟ ಮತ್ತು ಒಂದು ಎಣ್ಣೆ ಗಾಣ ಸಂಸಾರವನ್ನು ಸಾಕಬಲ್ಲವೇ?

ಪ್ರಶ್ನೆ: ಅಟ್ಟದ ಕಾಯಿ

ಎಲ್ಲರಿಗೂ ನಮಸ್ಕಾರ. ನನಗೀಗ 41 ವರ್ಷ. 2008ರಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದೇನೆ. ಇದು ಮೂರನೆಯ ಕಂಪನಿ. ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಫ್ಲ್ಯಾಟಿನ ಸಾಲ ಇನ್ನೂ 38 ಲಕ್ಷ ಉಳಿದಿದೆ, ತಿಂಗಳ ಕಂತು 42,000 ರೂಪಾಯಿ. ಬಹಳ ಜನರ ಕಥೆಯೂ ಇಷ್ಟೇ ಇರುವುದರಿಂದ ಅದನ್ನು ಬೆಳೆಸುವುದಿಲ್ಲ.

ಕಳೆದ ಮಾರ್ಚಿಯಲ್ಲಿ ನನ್ನ ತಂಡದ 22 ಮಂದಿಯಲ್ಲಿ ನಾಲ್ವರ ಹೆಸರನ್ನು ಸಂಜೆಯೊಳಗೆ ಕಳುಹಿಸಬೇಕೆಂದು ಮೇಲಿನವರು ಹೇಳಿದರು. ಕಾರಣ ಕೇಳಿದ್ದಕ್ಕೆ ಒಂದು ಸ್ಪ್ರೆಡ್‌ಶೀಟ್ ಬಂತು. ನಾನು ಬರೆದ ನಾಲ್ವರಲ್ಲಿ ಒಬ್ಬರು ಹಿಂದಿನ ದೀಪಾವಳಿಯ ರಾತ್ರಿ ಗ್ರಾಹಕರ ಸರ್ವರ್ ಬಿದ್ದಾಗ ನನ್ನೊಡನೆ ಬೆಳಗಿನ ಐದರವರೆಗೆ ಕುಳಿತವರು. ಮರುದಿನ ಹನ್ನೊಂದು ನಿಮಿಷದ ವಿಡಿಯೋ ಸಭೆಯಲ್ಲಿ ಎಲ್ಲವೂ ಮುಗಿಯಿತು; ಸಭೆ ಮುಗಿಯುವ ಮೊದಲೇ ಅವರ ಲ್ಯಾಪ್‌ಟಾಪ್‌ಗಳು ಬಂದ್ ಆಗಿದ್ದವು. ಕಂಪನಿ ನಷ್ಟದಲ್ಲಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಆ ನಾಲ್ಕು ಹೆಸರುಗಳನ್ನು ಟೈಪ್ ಮಾಡಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ ಎಂಬ ಸಂಗತಿ.

ಅಂದಿನಿಂದ ಊರಿನ ಯೋಚನೆ ಬಿಟ್ಟಿಲ್ಲ. ತಿಪಟೂರು ತಾಲ್ಲೂಕಿನಲ್ಲಿ ನಮ್ಮ ತಂದೆಯ ಹೆಸರಿನಲ್ಲಿ ನಾಲ್ಕು ಎಕರೆ ತೆಂಗಿನ ತೋಟವಿದೆ; ಫಲ ಕೊಡುವ ಮರಗಳು 190. ಅಟ್ಟದಲ್ಲಿ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಒಣಗಿಸಿ, ಸುಲಿಸಿ, ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಒಯ್ಯುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. 2025ರ ಮಧ್ಯಭಾಗದಲ್ಲಿ ಅದೇ ಕೊಬ್ಬರಿ 25,000 ದಾಟಿದಾಗ, ಇನ್ನು ಯಾರ ಹಂಗಿನಲ್ಲೂ ಇರದೆ ಬದುಕಬಹುದು ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ಕೆಲಸ ಬಿಟ್ಟು ತೋಟ ನೋಡಿಕೊಳ್ಳುವುದು, ಜೊತೆಗೆ ಸುಮಾರು 12 ಲಕ್ಷ ಹಾಕಿ ಎರಡು ಮರದ ಗಾಣ ಕೂರಿಸಿ ಕೊಬ್ಬರಿ ಎಣ್ಣೆ ಮತ್ತು ಕಡಲೆಕಾಯಿ ಎಣ್ಣೆಯನ್ನು ಬೆಂಗಳೂರಿನ ಪರಿಚಿತರಿಗೆ ಮಾರುವುದು ನನ್ನ ಯೋಜನೆ. ಈ ದಾರಿಯಲ್ಲಿ ಹೋದವರು, ಹೋಗಿ ಹಿಂದಿರುಗಿದವರು, ಹೋಗಬಾರದೆಂದು ತೀರ್ಮಾನಿಸಿದವರು ಯಾರೇ ಆದರೂ ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಚಳ್ಳಕೆರೆ ಗಾಣ

ನಾನು 2018ರಲ್ಲಿ ಕೆಲಸ ಬಿಟ್ಟು ಚಳ್ಳಕೆರೆಯಲ್ಲಿ ಗಾಣ ಹಾಕಿದವನು. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರಿನಲ್ಲಿ ಮರದ ಗಾಣ ಹಾಕುತ್ತೇನೆಂದಾಗ ಜನ ನಕ್ಕಿದ್ದರು. ಅವರು ನಕ್ಕಿದ್ದರಲ್ಲಿ ಅರ್ಧ ಸರಿಯೂ ಇತ್ತು.

ಮೊದಲು ತಮ್ಮ ಯೋಜನೆಯಲ್ಲಿರುವ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ತಿಪಟೂರಿನ ಉಂಡೆ ಕೊಬ್ಬರಿ ಎಣ್ಣೆಗೆಂದು ಮಾಡುವ ಸರಕಲ್ಲ. ಅದು ಉತ್ತರ ಭಾರತದಲ್ಲಿ ಒಣಹಣ್ಣಿನಂತೆ ತಿನ್ನಲು, ಪೂಜೆಗೆ, ಮದುವೆಗೆ ಹೋಗುವ ಸರಕು. ಬೆಂಬಲ ಬೆಲೆಯನ್ನು ಘೋಷಿಸುವಾಗಲೂ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೊಂದು, ಎಣ್ಣೆ ಕೊಬ್ಬರಿಗೊಂದು ದರ ಇಡುತ್ತದೆ. 2025ಕ್ಕೆ ಮೊದಲನೆಯದು 12,100, ಎರಡನೆಯದು 11,582 ರೂಪಾಯಿ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಒಂದೂವರೆ ಕಿಲೋಗೂ ತುಸು ಹೆಚ್ಚು ಕೊಬ್ಬರಿ ಬೇಕು. ಕ್ವಿಂಟಲ್‌ಗೆ 25,000 ಇರುವಾಗ ಆ ಲೀಟರಿನಲ್ಲಿ ಕೊಬ್ಬರಿಯದೇ 380 ರೂಪಾಯಿ ಆಗುತ್ತದೆ. ಕೂಲಿ, ಕರೆಂಟ್, ಬಾಟಲಿ, ಸಾಗಣೆ ಎಲ್ಲ ಸೇರಿಸಿ ತಾವು ಹೇಳುವ ಬೆಲೆಗೆ ಸ್ನೇಹಿತರು ಒಮ್ಮೆ ಕೊಳ್ಳುತ್ತಾರೆ, ಎರಡನೆಯ ಬಾರಿ ಫೋನ್ ಎತ್ತುವುದಿಲ್ಲ. ಇದನ್ನೇ ತಿರುಗಿಸಿ ನೋಡಿದರೆ ಒಂದು ಅನುಕೂಲವೂ ಕಾಣುತ್ತದೆ: ಕೊಬ್ಬರಿ ಬೆಲೆ ಬಿದ್ದ ವರ್ಷ ಗಾಣ ತಮ್ಮ ಕೈಹಿಡಿಯಬಹುದು, ಏರಿದ ವರ್ಷ ಕೊಬ್ಬರಿ ಗಾಣವನ್ನು ನಿಲ್ಲಿಸಿ ಸರಕನ್ನು ಹಾಗೆಯೇ ಮಂಡಿಗೆ ಹಾಕುವುದೇ ಲೇಸು. ತಮ್ಮದೇ ಕೊಬ್ಬರಿಯನ್ನು ಗಾಣಕ್ಕೆ ಹಾಕುವಾಗ ಅದಕ್ಕೆ ಬೆಲೆಯೇ ಇಲ್ಲವೆಂಬಂತೆ ಲೆಕ್ಕ ಬರೆಯಬೇಡಿ. ನಮ್ಮ ಹೊಲದ ಕಡಲೆಕಾಯಿಯ ವಿಚಾರದಲ್ಲಿ ಮೊದಲ ವರ್ಷ ನಾನು ಮಾಡಿದ್ದು ಅದೇ. ಪುಸ್ತಕದಲ್ಲಿ ಲಾಭವಿತ್ತು, ಪೆಟ್ಟಿಗೆಯಲ್ಲಿ ದುಡ್ಡಿರಲಿಲ್ಲ.

ಕಡಲೆಕಾಯಿಯಲ್ಲಿ ನನ್ನ ಗಾಣಕ್ಕೆ ನೂರು ಕಿಲೋ ಬೀಜಕ್ಕೆ 38ರಿಂದ 40 ಕಿಲೋ ಎಣ್ಣೆ ಇಳಿಯುತ್ತದೆ. ಮಿಲ್ಲಿನವರು ಹಿಂಡಿಯಲ್ಲಿ ಉಳಿದದ್ದನ್ನೂ ದ್ರಾವಕ ಹಾಕಿ ತೆಗೆಯುತ್ತಾರೆ, ನಮಗೆ ಅದು ಹಿಂಡಿಯಲ್ಲೇ ಹೋಗುತ್ತದೆ. ಆದ್ದರಿಂದ ಹಿಂಡಿಯನ್ನು ಒಳ್ಳೆಯ ಬೆಲೆಗೆ ಕೊಳ್ಳುವ ಹಸು ಸಾಕುವವರು ಹತ್ತಿರದಲ್ಲಿರಬೇಕು. ನನ್ನ ಅನುಭವದಲ್ಲಿ ಗಾಣದ ಬಾಡಿಗೆ ಮತ್ತು ಕರೆಂಟನ್ನು ತೂಗಿಸುವುದು ಹಿಂಡಿಯೇ. ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಡದೆ ಅವಸರದಲ್ಲಿ ತುಂಬಿಸಿದರೆ ತಳದಲ್ಲಿ ಗಷ್ಟು ಕುಳಿತು ಒಂದೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಅಂಥ ನಲವತ್ತು ಬಾಟಲಿಗಳನ್ನು ನಾನು ಬೆಂಗಳೂರಿನಿಂದ ಹಿಂದಕ್ಕೆ ತಂದಿದ್ದೇನೆ.

ಕಾಗದ ಪತ್ರದ ವಿಷಯ ಅಷ್ಟು ಕಷ್ಟವಲ್ಲ. ನಾನು ಶುರುಮಾಡಿದಾಗ ವಹಿವಾಟು ವರ್ಷಕ್ಕೆ 12 ಲಕ್ಷದೊಳಗಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿ ಸಾಕಾಗುತ್ತಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಘಟಕದ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿತ್ತು. ಅದರ ಮೇಲೆ ನಮ್ಮ ರಾಜ್ಯ ಸರ್ಕಾರವೂ ತನ್ನ ಪಾಲನ್ನು ಸೇರಿಸಿತ್ತು. ಇದು ಬ್ಯಾಂಕ್ ಸಾಲಕ್ಕೆ ತಗುಲಿಕೊಂಡ ಯೋಜನೆ, ಕೈಗೆ ಕೊಡುವ ಹಣವಲ್ಲ. ಪಂಪ್‌ಸೆಟ್ಟಿನ ಕರೆಂಟಿನಲ್ಲಿ ಗಾಣ ಓಡಿಸುವ ಯೋಚನೆಯೇ ಬೇಡ, ಬೆಸ್ಕಾಂನಿಂದ ಪ್ರತ್ಯೇಕ ಸಂಪರ್ಕ ಪಡೆಯಿರಿ.

ಇನ್ನು ತಾವು ಕೇಳಿದ ಮುಖ್ಯ ವಿಷಯ. ಮೊದಲ ಮೂರು ವರ್ಷ ನನಗೆ ಸಂಬಳವೆಂದು ಹೇಳಬಹುದಾದ ಒಂದು ರೂಪಾಯಿಯೂ ಸಿಗಲಿಲ್ಲ. ನಡುವೆ ಹದಿನಾಲ್ಕು ತಿಂಗಳು ರಾತ್ರಿ ಹೊತ್ತಿನಲ್ಲಿ ಹಳೆಯ ಕಸುಬನ್ನೇ ಗುತ್ತಿಗೆಯ ಮೇಲೆ ಮಾಡಿದೆ. ಹಗಲು ಗಾಣ, ರಾತ್ರಿ ಕೋಡ್. ಇದನ್ನು ಊರಿನವರಿಗೆ ಹೇಳಿರಲಿಲ್ಲ. ಈಗ ನನ್ನ ಮನೆಯ ಖರ್ಚು ಗಾಣದಿಂದ ನಡೆಯುತ್ತದೆ, ಉಳಿತಾಯ ಅಷ್ಟಕ್ಕಷ್ಟೇ. ಆದರೂ ಹಿಂದಿರುಗಿ ಹೋಗುವ ಮನಸ್ಸಿಲ್ಲ. ಕಾರಣ ಕೇಳಿದರೆ, ಎಣ್ಣೆ ಕೆಟ್ಟರೆ ಅದು ಏಕೆ ಕೆಟ್ಟಿತೆಂದು ನನಗೆ ಗೊತ್ತಾಗುತ್ತದೆ ಎಂಬುದಷ್ಟೇ. ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದರೂ ಯಾವ ಯೋಜನೆ ಏಕೆ ನಿಂತಿತು, ಯಾರನ್ನು ಏಕೆ ತೆಗೆದರು ಎಂಬುದು ಒಮ್ಮೆಯೂ ತಿಳಿಯಲಿಲ್ಲ.

ಉತ್ತರ 2: ಲೆಕ್ಕದ ಮನುಷ್ಯ

ಸರ್, ತಮ್ಮ ಅಂಕಿಗಳನ್ನೇ ಇಟ್ಟುಕೊಂಡು ಒಂದು ಲೆಕ್ಕ ಹಾಕುತ್ತೇನೆ, ತಪ್ಪು ತಿಳಿಯಬೇಡಿ. 190 ಮರ, ಮರಕ್ಕೆ ಸರಾಸರಿ 65 ಕಾಯಿ, ಎಂಟು ಕಾಯಿಗೆ ಒಂದು ಕಿಲೋ ಕೊಬ್ಬರಿ ಎಂದಿಟ್ಟುಕೊಂಡರೆ ವರ್ಷಕ್ಕೆ ಹದಿನೈದು ಕ್ವಿಂಟಲ್‌ಗಿಂತ ತುಸು ಹೆಚ್ಚು. 25,000ದ ದರದಲ್ಲಿ 3.75 ಲಕ್ಷ ಮೀರುತ್ತದೆ, 12,000ದ ದರದಲ್ಲಿ 1.8 ಲಕ್ಷದ ಆಸುಪಾಸು. ಇದರಲ್ಲಿ ಕೀಳುವ, ಸುಲಿಯುವ, ಗೊಬ್ಬರದ, ಉಳುಮೆಯ ಖರ್ಚನ್ನು ಇನ್ನೂ ಕಳೆದಿಲ್ಲ. ತಮ್ಮ ಫ್ಲ್ಯಾಟಿನ ಕಂತು ವರ್ಷಕ್ಕೆ ಐದು ಲಕ್ಷ. ತೋಟವು ತಾನು ಕಂಡ ಅತ್ಯುತ್ತಮ ಬೆಲೆಯಲ್ಲಿಯೂ ಆ ಕಂತನ್ನು ಕಟ್ಟಲಾರದು. ತಮ್ಮನ್ನು ಕಂಪನಿಗೆ ಕಟ್ಟಿಹಾಕಿರುವುದು ಆ ಫ್ಲ್ಯಾಟು. ಅದನ್ನು ಮಾರುವಿರೋ, ಬಾಡಿಗೆಗೆ ಕೊಡುವಿರೋ ಎಂಬುದು ಗಾಣಕ್ಕಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ.

ರಾಜೀನಾಮೆಯ ಹೊತ್ತಿಗೆ ಕೈಗೆ ಬರುವುದರ ಬಗ್ಗೆ ಬಹಳ ಜನರಿಗೆ ತಪ್ಪು ಅಂದಾಜಿರುತ್ತದೆ. ಗ್ರಾಚ್ಯುಟಿ ಈಗಿನ ಕಂಪನಿಯ ಒಂಬತ್ತು ವರ್ಷಕ್ಕೆ ಮಾತ್ರ ಲೆಕ್ಕ, ಹದಿನೇಳಕ್ಕಲ್ಲ. ಹಿಂದಿನ ಕಂಪನಿಗಳಲ್ಲಿ ಐದು ವರ್ಷ ತುಂಬಿಸದಿದ್ದರೆ ಅಲ್ಲಿಯದು ಹೋಯಿತೆಂದೇ ತಿಳಿಯಿರಿ. ಕೊನೆಯ ಮೂಲ ವೇತನ 90,000 ಇದೆ ಎಂದುಕೊಂಡರೆ, ಅದನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಒಂಬತ್ತರಿಂದ ಗುಣಿಸಿದರೆ 4.67 ಲಕ್ಷ ಬರುತ್ತದೆ. ಭವಿಷ್ಯ ನಿಧಿಯ ಹಣವನ್ನು ದಯವಿಟ್ಟು ಗಾಣಕ್ಕೆ ಸುರಿಯಬೇಡಿ. ಖಾತೆಯನ್ನು ಹಾಗೆಯೇ ಬಿಟ್ಟರೂ ಬಡ್ಡಿ ಸೇರುತ್ತಿರುತ್ತದೆ, ಆದರೆ ಕೆಲಸ ಬಿಟ್ಟ ನಂತರ ಸೇರುವ ಬಡ್ಡಿಗೆ ತೆರಿಗೆಯಿದೆ. ಪಿಂಚಣಿಯ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ: 15,000 ರೂಪಾಯಿ ವೇತನ ಮಿತಿಯ ಮೇಲೆ ಹದಿನೇಳು ವರ್ಷಕ್ಕೆ, 58ನೆಯ ವಯಸ್ಸಿನಲ್ಲಿ, ಹೆಚ್ಚೆಂದರೆ ತಿಂಗಳಿಗೆ 3,640 ರೂಪಾಯಿ.

ಎಲ್ಲಕ್ಕಿಂತ ಅಪಾಯದ ಜಾಗ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಕೊನೆಯ ದಿನವೇ ನಿಲ್ಲುತ್ತದೆ. ಹೊಸ ವಿಮೆಯಲ್ಲಿ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ತಂದೆತಾಯಿಯವರೂ ಆ ಗುಂಪು ವಿಮೆಯಲ್ಲಿದ್ದರೆ, ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳುವ ಅರ್ಜಿಯನ್ನು ರಾಜೀನಾಮೆ ಕೊಡುವ ಮೊದಲೇ ಹಾಕಿ. ನನ್ನ ಸ್ನೇಹಿತರೊಬ್ಬರು ಇದನ್ನು ಮರೆತು, ಕೆಲಸ ಬಿಟ್ಟ ಐದನೆಯ ತಿಂಗಳಲ್ಲಿ ತಾಯಿಯ ಶಸ್ತ್ರಚಿಕಿತ್ಸೆಗೆ ಹಸುಗಳನ್ನು ಮಾರಿದರು.

ಉತ್ತರ 3: ಹೊನ್ನವಳ್ಳಿ ಕಡೆಯ ಸೊಸೆ

ನಾನು ತಮ್ಮ ತಾಲ್ಲೂಕಿನವಳೇ. ಬಿ.ಎಡ್. ಓದಿ, ಮದುವೆಯಾಗಿ ಬಂದ ಮನೆಯಲ್ಲಿ ಹದಿನಾರು ವರ್ಷದಿಂದ ತೋಟ, ಅಟ್ಟ, ಕೊಟ್ಟಿಗೆ ನೋಡಿಕೊಂಡಿದ್ದೇನೆ. ತಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಅದರಲ್ಲಿ ತಮ್ಮ ಅಮ್ಮನ ಹೆಸರೇ ಇಲ್ಲ.

ಅಟ್ಟಕ್ಕೆ ಕಾಯಿ ಏರಿಸುವಾಗ ಕೆಳಗೆ ನಿಂತು ಎತ್ತಿ ಕೊಡುವವರು ಯಾರು, ಸುಲಿಯುವ ಆಳುಗಳಿಗೆ ಬೆಳಿಗ್ಗೆ ಆರಕ್ಕೆ ತಿಂಡಿ ಮಾಡುವವರು ಯಾರು, ಹೆಗ್ಗಣ ಕೊರೆದ ಕಾಯಿಯನ್ನು ಆರಿಸುವವರು ಯಾರು ಎಂದು ಒಮ್ಮೆ ಕೇಳಿ ನೋಡಿ. ಹಂಗಿಲ್ಲದ ಬದುಕು ಎಂದು ತಾವು ಕರೆಯುವುದು ನಮ್ಮ ಕಡೆ ಹೆಚ್ಚಾಗಿ ಮನೆಯ ಹೆಂಗಸರ ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ ನಿಂತಿದೆ. ತಮ್ಮ ಹೆಂಡತಿಯವರು ಶಾಲೆಯ ಕೆಲಸ ಬಿಟ್ಟು ಬರುತ್ತಾರೆಯೇ, ಬಂದರೆ ಗಾಣದ ವ್ಯವಹಾರದಲ್ಲಿ ಅವರ ಹೆಸರಿರುತ್ತದೆಯೇ ಎಂಬುದನ್ನು ತಾವು ಬರೆದಿಲ್ಲ. ಬ್ಯಾಂಕ್ ಖಾತೆ ಅವರ ಹೆಸರಿನಲ್ಲಿರಲಿ ಎಂದು ಹೇಳಿದರೆ ಅಧಿಕಪ್ರಸಂಗವಾದೀತೇನೋ, ಆದರೂ ಹೇಳುತ್ತೇನೆ.

ಇನ್ನೊಂದು ಮಾತು. ತೋಟ ತಂದೆಯವರ ಹೆಸರಿನಲ್ಲಿದೆ ಎಂದಿರಿ. ತಮಗೆ ಅಕ್ಕತಂಗಿಯರಿದ್ದಾರೆಯೇ? ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು, ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ನಾಲ್ಕು ಎಕರೆ ಎಂದು ಲೆಕ್ಕ ಹಾಕಿ, ನಾಳೆ ಎರಡು ಎಕರೆಯಾದಾಗ ಅಕ್ಕನ ಮೇಲೆ ಮುನಿಸಿಕೊಳ್ಳುವ ತಮ್ಮಂದಿರನ್ನು ನಮ್ಮೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ತೋಟದ ಬಗ್ಗೆಯೂ ತಮಗೆ ನೆನಪಿರುವುದು ಬಾಲ್ಯದ ತೋಟ. ನುಸಿ ಬಂದು ಕಾಯಿ ಸಣ್ಣದಾಯಿತು, ಕಾಂಡ ಸೋರುವ ರೋಗದಲ್ಲಿ ಮರಗಳು ಹೋದವು, ಈಗ ಬಿಳಿ ನೊಣ ಕುಳಿತ ಗರಿಗಳು ಕಪ್ಪಗಾಗಿವೆ. ಬೆಲೆ ಏರಿದ್ದೇ ಕಾಯಿ ಇಲ್ಲದ ಕಾರಣಕ್ಕೆ. ಇಪ್ಪತ್ತೈದು ಸಾವಿರ ಇದ್ದಾಗ ನಮ್ಮ ಅಟ್ಟ ಮುಕ್ಕಾಲು ಖಾಲಿ ಇತ್ತು. ಕೊಯ್ಲಿಗೆ ಆಳು ಸಿಗದೆ ಕಾಯಿ ತಾನಾಗಿಯೇ ಉದುರುವವರೆಗೆ ಕಾಯುವ ತೋಟಗಳೂ ಇವೆ.

ಹಾಗೆಂದು ಬರಬೇಡಿ ಎನ್ನುತ್ತಿಲ್ಲ. ಬರುವುದಾದರೆ ಎರಡು ಹಸು ಕಟ್ಟಿ. ಕೊಬ್ಬರಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬಂದ ದಿನವೇ ಸೊಸೈಟಿ ಸಾಲಕ್ಕೆ ಹೋಗುತ್ತದೆ. ಡೇರಿಯ ಬಟವಾಡೆ ತಪ್ಪದೆ ಬರುತ್ತದೆ, ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ತಡವಾಗಿಯಾದರೂ ಬರುತ್ತದೆ. ಈ ಮನೆಯಲ್ಲಿ ನಾನು ಯಾರನ್ನೂ ಕೇಳದೆ ಖರ್ಚು ಮಾಡುವ ಹಣ ಅದೊಂದೇ. ಗಾಣದ ಹಿಂಡಿಗೂ ಆಗ ಹೊರಗಿನ ಗಿರಾಕಿಯನ್ನು ಹುಡುಕಬೇಕಾಗಿಲ್ಲ.

ಉತ್ತರ 4: ಮೂರನೇ ಪಾಳಿ

ನನ್ನ ಅಭಿಪ್ರಾಯ ಬೇರೆ. ನೀವು ಬಿಟ್ಟು ಹೋದರೆ ನಿಮ್ಮ ಕುರ್ಚಿಯಲ್ಲಿ ಕುಳಿತವರು ಮುಂದಿನ ಮಾರ್ಚಿಯಲ್ಲಿ ಇನ್ನು ನಾಲ್ಕು ಹೆಸರು ಬರೆಯುತ್ತಾರೆ. ಕರ್ನಾಟಕ ಸರ್ಕಾರ 2014ರಿಂದ ಮಾಹಿತಿ ತಂತ್ರಜ್ಞಾನ ಉದ್ಯಮಕ್ಕೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ನೀಡಿ, ಅದನ್ನು ಮತ್ತೆ ಮತ್ತೆ ವಿಸ್ತರಿಸಿ, 2024ರಲ್ಲಿಯೂ ವಿಸ್ತರಿಸಿತು. ಕೆಲಸದಿಂದ ತೆಗೆಯುವ ಕ್ರಮ ಹೇಗಿರಬೇಕೆಂಬ ನಿಯಮಗಳು ಇರಬೇಕಾದದ್ದು ಅಂಥ ಆದೇಶಗಳಲ್ಲಿಯೇ. ಅದೇ ವರ್ಷ ಕೆಲಸದ ದಿನವನ್ನು ಹದಿನಾಲ್ಕು ಗಂಟೆಯವರೆಗೆ ಎಳೆಯಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಅದನ್ನು ಎದುರಿಸಿ ನಿಂತದ್ದು ನೌಕರರ ಸಂಘ, ಊರಿಗೆ ಹೋದವರಲ್ಲ. ನಾಲ್ಕು ಎಕರೆ ತೋಟ ಇಲ್ಲದವರು ನಿಮ್ಮ ತಂಡದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿ ನೋಡಿ. ಅವರು ಎಲ್ಲಿಗೆ ಹೋಗಬೇಕು?

ಉತ್ತರ 5: ನಿವೃತ್ತ, ಗ್ರಾಮೋದ್ಯೋಗ

ಖಾದಿ ಮತ್ತು ಗ್ರಾಮೋದ್ಯೋಗದ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವನಾಗಿ ಒಂದು ಹಳೆಯ ಸಂಗತಿಯನ್ನು ನೆನಪಿಸುತ್ತೇನೆ. ಜೆ. ಸಿ. ಕುಮಾರಪ್ಪನವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಬೊಂಬಾಯಿಯಲ್ಲಿ ಸ್ವಂತ ಕಚೇರಿ ನಡೆಸುತ್ತಿದ್ದವರು. 1929ರಲ್ಲಿ ಗಾಂಧೀಜಿಯವರನ್ನು ಕಂಡ ಮೇಲೆ ಅದನ್ನು ಬಿಟ್ಟರು. 1934ರ ಕೊನೆಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ವಾರ್ಧಾದ ಮಗನವಾಡಿಯಲ್ಲಿ ಕಟ್ಟಿದವರು ಅವರೇ. ಅಲ್ಲಿ ನಡೆದ ಮುಖ್ಯ ಕೆಲಸಗಳಲ್ಲಿ ಒಂದು, ತಮಗೆ ಆಶ್ಚರ್ಯವಾಗಬಹುದು, ಎಣ್ಣೆ ಗಾಣದ ಸುಧಾರಣೆ. ಝವೇರಭಾಯಿ ಪಟೇಲರು ರೂಪಿಸಿದ ಗಾಣ ವಾರ್ಧಾ ಗಾಣವೆಂದೇ ಪ್ರಸಿದ್ಧವಾಯಿತು.

ಆದರೆ ಅವರು ಸ್ವಾವಲಂಬನೆ ಎಂದಾಗ ಊರಿನ ಸ್ವಾವಲಂಬನೆಯನ್ನು ಹೇಳುತ್ತಿದ್ದರು. ಎಣ್ಣೆಕಾಳು ಬೆಳೆಯುವವನು, ಗಾಣಿಗ, ಹಿಂಡಿ ತಿನ್ನುವ ಎತ್ತು, ಎಣ್ಣೆ ಕೊಳ್ಳುವ ಮನೆ, ಎಲ್ಲವೂ ಕಣ್ಣಳತೆಯಲ್ಲಿರುವ ವ್ಯವಸ್ಥೆ ಅದು. ಒಬ್ಬನೇ ಬಂದು, ಊರಿನ ಸಂತೆಗೆ ಒಂದು ಲೀಟರನ್ನೂ ಕೊಡದೆ, ಎಲ್ಲವನ್ನೂ 140 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳುಹಿಸುವ ಗಾಣವು ಹಳ್ಳಿಯಲ್ಲಿ ಇಟ್ಟ ನಗರದ ಅಂಗಡಿಯಾಗುತ್ತದೆ. ಸಂಬಳ ಕೊಡುವವರ ಜಾಗದಲ್ಲಿ ಎಣ್ಣೆ ಕೊಳ್ಳುವವರು ಬರುತ್ತಾರೆ, ಅಷ್ಟೇ. ತಮ್ಮ ಊರಿನ ಜನ ಕೂಲಿ ಕೊಟ್ಟು ತಮ್ಮ ತಮ್ಮ ಕೊಬ್ಬರಿ ಆಡಿಸಿಕೊಂಡು ಹೋಗುವ ವ್ಯವಸ್ಥೆಯನ್ನು ಮೊದಲು ಮಾಡಿ. ಬಂಡವಾಳ ಸರಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಯಂತ್ರ ಮಾತ್ರ ತಮ್ಮದಾಗಿರುತ್ತದೆ. ಕಸುಬು ಕಲಿಯಲು, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಉಚಿತ ತರಬೇತಿ ಕೇಂದ್ರಗಳಿವೆ. ಅಲ್ಲಿ ವಾರಗಟ್ಟಲೆ ಇರಬೇಕಾಗುತ್ತದೆ, ನಾಲ್ಕು ವಿಡಿಯೋ ನೋಡಿ ಕಲಿಯುವ ಕೆಲಸ ಇದಲ್ಲ.

ಅಟ್ಟದ ಕಾಯಿ (ಪ್ರಶ್ನೆ ಕೇಳಿದವರು)

ಎಲ್ಲ ಉತ್ತರಗಳನ್ನೂ ಮುದ್ರಿಸಿಕೊಂಡು ಕಳೆದ ಶನಿವಾರ ಊರಿಗೆ ಒಯ್ದಿದ್ದೆ. ಹೊನ್ನವಳ್ಳಿಯ ಸಹೋದರಿಯವರ ಉತ್ತರವನ್ನು ಅಮ್ಮ ನನ್ನಿಂದ ಓದಿಸಿ ಕೇಳಿ, ಏನೂ ಹೇಳದೆ ಒಳಗೆ ಹೋದರು. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, ಹೆಗ್ಗಣದ ಕಾಯಿ ಈ ವರ್ಷ ಒಂಬೈನೂರು ಎಂದರು. ನಾನು ಆ ಲೆಕ್ಕವನ್ನು ಎಂದೂ ಕೇಳಿರಲಿಲ್ಲ. ನನಗೆ ಒಬ್ಬ ತಂಗಿ ಇದ್ದಾಳೆ, ಮುಂದಿನ ವಾರ ಅವಳ ಮನೆಗೆ ಹೋಗುತ್ತೇನೆ.

ತಂದೆಯವರು ಓದಿದ್ದು ಲೆಕ್ಕದ ಮನುಷ್ಯರ ಉತ್ತರವೊಂದನ್ನೇ. 2024ರಲ್ಲಿ ರಾಜ್ಯ ಸರ್ಕಾರ ಬೆಂಬಲ ಬೆಲೆಯ ಮೇಲೆ ಕ್ವಿಂಟಲ್‌ಗೆ 1,500 ಸೇರಿಸಿ ಕೊಟ್ಟಾಗ, ಆ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್ ಸಂಸ್ಥೆಯ ನೋಂದಣಿಗಾಗಿ ಎರಡು ರಾತ್ರಿ ಸರದಿಯಲ್ಲಿ ಮಲಗಿದ್ದನ್ನು ಆಗ ಹೇಳಿದರು. ಆ ಎರಡು ರಾತ್ರಿ ನಾನು ಬೆಂಗಳೂರಿನಲ್ಲಿದ್ದೆ, ನನಗೆ ತಿಳಿಸಿರಲಿಲ್ಲ.

ಮೂರನೇ ಪಾಳಿಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸದ್ಯಕ್ಕೆ ರಾಜೀನಾಮೆ ಕೊಡುತ್ತಿಲ್ಲ. ಫ್ಲ್ಯಾಟನ್ನು ಮಾರಲು ಹೆಂಡತಿ ಒಪ್ಪಿದ್ದಾಳೆ. ಮಗಳ ಶಾಲೆಯ ಕಾರಣಕ್ಕೆ ಎರಡು ವರ್ಷ ಬಾಡಿಗೆ ಮನೆಯಲ್ಲಿರುವುದೆಂದು ಮಾತಾಗಿದೆ. ವಿಮೆಯ ಅರ್ಜಿಯ ಬಗ್ಗೆ ನಿನ್ನೆ ವಿಚಾರಿಸಿದೆ. ಗಾಣ ಎರಡಲ್ಲ, ಒಂದೇ, ಅದೂ ಮೊದಲು ಕೂಲಿಗೆ ಆಡಿಸಿಕೊಡುವುದಕ್ಕೆ; ಅದನ್ನು ತಂದೆಯವರ ಜೊತೆ ನೋಡಿಕೊಳ್ಳಲು ಊರಿನ ಹುಡುಗನೊಬ್ಬ ಒಪ್ಪಿದ್ದಾನೆ. ಚಳ್ಳಕೆರೆಯವರೇ, ಸಂಕ್ರಾಂತಿ ಕಳೆದ ವಾರ ಆ ಹುಡುಗನನ್ನೂ ಕರೆದುಕೊಂಡು ನಿಮ್ಮಲ್ಲಿಗೆ ಬಂದು ಎರಡು ದಿನ ನಿಂತು ನೋಡಬಹುದೇ?

ಚಳ್ಳಕೆರೆ ಗಾಣ

ಧಾರಾಳವಾಗಿ ಬನ್ನಿ. ಮಂಗಳವಾರ ಬೇಡ, ಅಂದು ನಮ್ಮ ಕಡೆ ಕರೆಂಟ್ ತೆಗೆಯುತ್ತಾರೆ. ಬರುವಾಗ ನಿಮ್ಮ ಅಟ್ಟದ ಕೊಬ್ಬರಿ ಹತ್ತು ಕಿಲೋ ತನ್ನಿ, ಆಡಿಸಿ ಎಷ್ಟು ಇಳಿಯುತ್ತದೆಂದು ತೂಗಿಯೇ ನೋಡೋಣ. ಹೆಗ್ಗಣ ಕಚ್ಚಿದ್ದಾದರೂ ಪರವಾಗಿಲ್ಲ, ಅಂಥದ್ದರಲ್ಲಿ ಎಣ್ಣೆ ಎಷ್ಟು ಕಮ್ಮಿ ಎಂಬುದೂ ಗೊತ್ತಾಗಲಿ.